ಹಚ್ಚದೆ ಇಟ್ಟ ಕರ್ಪೂರ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಅವರಿಗೆ ಬೈದೆ, ಇವರಿಗೆ ಬೈದೆ ಅಂತ ಬರುವಾಗ ನೀವು ‘ಎಂತ ಹೆಂಗಸು ಮಾರಾಯ್ರೆ ಇದು’ ಅನ್ನುತ್ತೀರಿ. ಉಡುಪಿ ಕಡೆಯವಳು ನಾನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ದೋಹಾಕ್ಕೆ ಬಂದ ಮೇಲೆ ಹಿಂದಿ, ಮಲಯಾಳ, ಒಂದು ಮುಷ್ಟಿ ಅರಬ್ಬಿ ಸೇರಿ, ಬೈಯುವುದಕ್ಕೆ ಭಾಷೆಯ ಬರಗಾಲ ಎಂದೂ ಆಗಲಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಬೈಯಲೇಬೇಕಾಗಿದ್ದ ಒಂದು ದಿನ ಬಾಯಿ ಮುಚ್ಚಿಕೊಂಡೆ. ಇವತ್ತಿಗೂ ಮುಚ್ಚಿಕೊಂಡೇ ಇದ್ದೇನೆ.

ಏಷ್ಯನ್ ಗೇಮ್ಸ್ ಬರುತ್ತದೆ ಅಂತ ದೋಹಾವನ್ನು ಅಗೆದು ಅಗೆದು ಹಾಕಿದ್ದ ವರ್ಷ ಅದು. ನಾನೊಂದು ಖಾಸಗಿ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಮಿಸ್ಟ್. ಎಣ್ಣೆ, ಗ್ರೀಸು, ರಬ್ಬರು, ಪೈಪಿನ ಮೇಲಿನ ಪ್ಲಾಸ್ಟಿಕ್ ಲೇಪ, ಏನು ತಂದುಕೊಟ್ಟರೂ ಅದರಲ್ಲಿ ಎಂತೆಂತ ಉಂಟು ಅಂತ ಹೇಳುವುದು ನಮ್ಮ ಕೆಲಸ. ಇನ್ಫ್ರಾರೆಡ್ ಯಂತ್ರ ಮೊದಲೇ ಇತ್ತು. ಆ ವರ್ಷ ಅದಕ್ಕೊಂದು ಹೊಸ ಡಿಟೆಕ್ಟರ್ ಬಂತು, ಫೋಟೋಅಕೌಸ್ಟಿಕ್ ಡಿಟೆಕ್ಟರ್. ಹೆಸರು ಉದ್ದ, ವಸ್ತು ಮಾತ್ರ ಒಂದು ಕೈಯಲ್ಲಿ ಹಿಡಿಯುವಷ್ಟು. ಅದನ್ನು ಕೂರಿಸಲು ದುಬೈಯಿಂದ ಬಂದ ಇಂಜಿನಿಯರ್ ಮಧ್ಯಾಹ್ನದೊಳಗೆ ಕೆಲಸ ಮುಗಿಸಿ, ಕೈಗೊಂದು ದಪ್ಪ ಪುಸ್ತಕ ಕೊಟ್ಟು ವಿಮಾನ ಹತ್ತಿಬಿಟ್ಟ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಸಾಮಾನ್ಯ ಯಂತ್ರ ಬೆಳಕನ್ನು ವಸ್ತುವಿನ ಮೂಲಕ ಹಾಯಿಸಿ, ಆಚೆ ಎಷ್ಟು ಬಂತು ಅಂತ ನೋಡುತ್ತದೆ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬೆಳಕು ಹಾಯುವುದೇ ಇಲ್ಲ, ಎಂತ ನೋಡುವುದು? ಈ ಡಿಟೆಕ್ಟರ್ ನೋಡುವುದಿಲ್ಲ, ಕೇಳುತ್ತದೆ. ಉಗುರಿನಷ್ಟು ಬಟ್ಟಲಲ್ಲಿ ಒಂದು ಚೂರು ಇಟ್ಟು, ಬಿಗಿಯಾಗಿ ಮುಚ್ಚಿ, ಹೀಲಿಯಂ ತುಂಬಿ, ಅದರ ಮೇಲೆ ಮಿಡಿಯುವ ಬೆಳಕು ಬಿಡಬೇಕು. ಬೆಳಕು ಕುಡಿದ ಚೂರು ಬಿಸಿಯಾಗುತ್ತದೆ, ತಣ್ಣಗಾಗುತ್ತದೆ. ಅದರ ಮೈಮೇಲಿನ ಅನಿಲ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗೆ ಹುಟ್ಟುವ ಸಣ್ಣ ಸದ್ದನ್ನು ಒಳಗಿನ ಮೈಕು ಹಿಡಿಯುತ್ತದೆ. ಅದು ಎಷ್ಟು ಸೂಕ್ಷ್ಮದ ಮೈಕು ಅಂದರೆ, ಮುಚ್ಚಳವನ್ನು ಸರಕ್ಕನೆ ತಳ್ಳಿದರೆ ಒಳಗಿನ ಪೊರೆ ಹರಿದೇ ಹೋಗುತ್ತದೆ. ಹರಿದರೆ ಹೊಸದು ಹಡಗಿನಲ್ಲೋ ವಿಮಾನದಲ್ಲೋ ಬರುವ ತನಕ ಕಾಯಬೇಕು.

ಮೊದಲ ತಿಂಗಳು ಅದು ನನ್ನನ್ನು ಅಳಿಸಿತು. ಪಕ್ಕದ ಸೈಟಿನಲ್ಲಿ ಕಂಬ ಹೊಡೆಯುವ ಯಂತ್ರ ಧಡ್ ಧಡ್ ಅಂದರೆ ಪರದೆಯ ಮೇಲೆ ಗೆರೆಯೆಲ್ಲ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಎ.ಸಿ. ಶುರುವಾದರೆ ಅದೂ ಕೇಳಿಸುತ್ತಿತ್ತು. ನನ್ನ ಗಂಡ ಸನಯ್ಯಾದ ಗ್ಯಾರೇಜಿನಿಂದ ಎರಡು ಹಳೆಯ ಟ್ಯೂಬು ತಂದುಕೊಟ್ಟರು. ಅದಕ್ಕೆ ಅರ್ಧ ಗಾಳಿ ತುಂಬಿ, ಮೇಲೊಂದು ಗ್ರಾನೈಟ್ ಚಪ್ಪಡಿ ಇಟ್ಟು, ಅದರ ಮೇಲೆ ಯಂತ್ರ ಕೂರಿಸಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಮತ್ತೆ ಸೆಪ್ಟೆಂಬರಿನ ತೇವ. ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುವ ಹವೆ. ಡಿಟೆಕ್ಟರಿನೊಳಗೆ ಬಟ್ಟಲಿನ ಕೆಳಗೆ ತೇವ ಹೀರುವ ಉಪ್ಪು ಹಾಕಿದರೆ ಎರಡು ದಿನದಲ್ಲಿ ಅಂಟಂಟು. ಬದಲಿಸು, ಒಣಗಿಸು, ರಬ್ಬರ್ ಉಂಗುರ ಒರೆಸು, ಮುಚ್ಚಳವನ್ನು ಉಸಿರು ಬಿಗಿಹಿಡಿದು ಎಳೆ. ಯಾರೂ ಜೋರಾಗಿ ಮಾತಾಡಬಾರದು, ಬಾಗಿಲು ಬಡಿಯಬಾರದು, ಅತ್ತರು ಹಚ್ಚಿಕೊಂಡು ಒಳಗೆ ಬರಬಾರದು. ‘ಇದೆಂತ ಲ್ಯಾಬೋ ಬಾಣಂತಿ ಕೋಣೆಯೋ?’ ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ಸಂಕಟ ಹೀಲಿಯಂ. ಈ ದೇಶದ ಉತ್ತರ ತುದಿಯಲ್ಲಿ ಹೀಲಿಯಂ ತೆಗೆಯುವ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ತುಂಬಿದ ಟ್ಯಾಂಕರುಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು. ನಮ್ಮ ಲ್ಯಾಬಿಗೆ ಮಾತ್ರ ಒಂದು ಸಿಲಿಂಡರ್ ಬೇಕೆಂದರೆ ಪರದೇಶದಿಂದ ತುಂಬಿ ಬರಬೇಕು, ಕಸ್ಟಮ್ಸ್ ಬಿಡಬೇಕು, ಸಪ್ಲೈಯರ್ ‘ಬುಕ್ರಾ, ಇನ್ಶಾಅಲ್ಲಾ’, ನಾಳೆ, ದೇವರಿಚ್ಛೆ, ಅನ್ನಬೇಕು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಇನ್ನು ಆ ಮನುಷ್ಯನ ವಿಷಯ.

ಅವನು ಬಾಗಲಕೋಟೆ ಕಡೆಯವನು. ಪೈಪುಗಳಿಗೆ ಕಪ್ಪು ಪ್ಲಾಸ್ಟಿಕ್ ಲೇಪ ಹಾಕುವ ಕಂಪನಿಯಲ್ಲಿ ಕೋಟಿಂಗ್ ಇನ್ಸ್‌ಪೆಕ್ಟರ್. ಮೊದಲ ಸಲ ಲ್ಯಾಬಿಗೆ ಸ್ಯಾಂಪಲ್ ತಂದಾಗ ನಾನು ಡಿಟೆಕ್ಟರಿಗೆ ‘ದರಿದ್ರದ್ದೇ, ನಿನಗೆಂತ ರೋಗ’ ಅಂತ ಗೊಣಗುತ್ತಿದ್ದೆ. ಬಾಗಿಲಲ್ಲಿ ನಿಂತವನು, ಕನ್ನಡದಾಗ ಬೈದರ ಇದಕ ತಿಳೀತದೇನ್ರೀ ಅಕ್ಕಾರ ಅಂದ. ಅಂದಿನಿಂದ ನಾನು ಅವನಿಗೆ ಅಕ್ಕ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿ ಇದ್ದವನು, ಕೆಲವು ಶುಕ್ರವಾರ ಅಲ್ ಮುಂತಜಾದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನಮ್ಮ ಮೀನಿನ ಸಾರನ್ನು ದೂರದಿಂದಲೇ ನೋಡಿ, ಮೊಸರನ್ನ ಕಲಸಿಕೊಳ್ಳುತ್ತಿದ್ದ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹೆಂಡತಿ ಬಸುರಿ ಅಂತ ಸುದ್ದಿ ಬಂದ ದಿನ ಅಂಗಡಿಯ ಜಿಲೇಬಿ ಪೊಟ್ಟಣ ಹಿಡಿದು ಬಂದು, ತಾನೇ ಅರ್ಧ ತಿಂದು ಹೋದ.

ಆಮೇಲೆ ಮರುಭೂಮಿಯಲ್ಲಿ ಪೈಪು ಬಿರುಕುಬಿಟ್ಟವು. ಅಂದರೆ ಪೈಪಲ್ಲ, ಮೇಲಿನ ಕಪ್ಪು ಲೇಪ. ಪೈಪು ಕೊಂಡವರು, ಲೇಪ ಹಾಕುವಾಗಲೇ ಕಂಪನಿ ಅದನ್ನು ಅತಿಯಾಗಿ ಕಾಯಿಸಿ ಸುಟ್ಟಿದೆ ಅಂದರು. ಲೇಪದ ಕಂಪನಿ, ಇಲ್ಲ, ನೀವು ಪೈಪನ್ನು ಹೊದಿಕೆಯಿಲ್ಲದೆ ಬಿಸಿಲಲ್ಲಿ ಒಗೆದಿದ್ದೀರಿ ಅಂದಿತು. ಲೇಪ ಮೊದಲೇ ಸುಟ್ಟಿದ್ದರೆ ಅದನ್ನು ‘ಪಾಸ್’ ಮಾಡಿದವನು ಯಾರು? ಇವನು. ಎರಡೂ ಕಡೆಯ ಬೆರಳು ಇವನ ಕಡೆಗೇ ತಿರುಗಿತು. ಸರಿಯಾಗಿ ಅದೇ ವಾರ ಇವನ ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಕೂಸು, ಬಾಗಲಕೋಟೆಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಗೆ. ಡಾಕ್ಟರು, ತಂದೆಯನ್ನು ಕರೆಸಿ ಅಂದಿದ್ದರಂತೆ.

ಆಗೆಲ್ಲ ಕತಾರ್ ಬಿಟ್ಟು ಹೊರಡಬೇಕಾದರೆ ಸ್ಪಾನ್ಸರ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಕಂಪನಿ, ಸಹಿ ಹಾಕಿದ ಎಕ್ಸಿಟ್ ಪರ್ಮಿಟ್ ಬೇಕಿತ್ತು. ಟಿಕೆಟ್ ಇರಲಿ, ಮನೆಯಲ್ಲಿ ಸಾವೇ ಆಗಲಿ, ಆ ಸಹಿ ಇಲ್ಲದೆ ಏರ್‌ಪೋರ್ಟ್ ದಾಟುವಂತಿಲ್ಲ. ಕಂಪನಿಯವರು, ಲೇಪದ ತಕರಾರು ಮುಗಿಯುವ ತನಕ ನೀನು ಎಲ್ಲಿಗೂ ಹೋಗುವುದಿಲ್ಲ ಅಂದರು. ಲ್ಯಾಬಿನ ರಿಪೋರ್ಟು ನಿನ್ನ ಪರವಾಗಿ ಬಂದರೆ ಅದೇ ದಿನ ಸಹಿ. ವಿರುದ್ಧ ಬಂದರೆ ಪೊಲೀಸ್ ಕೇಸು. ಕಪ್ಪು ಲೇಪವನ್ನು ಪದರ ಪದರವಾಗಿ ಓದಬಲ್ಲ ಡಿಟೆಕ್ಟರ್ ಆಗ ಕೈಗೆ ಸಿಗುವಂತೆ ಇದ್ದದ್ದು ನಮ್ಮಲ್ಲಿ ಮಾತ್ರ. ಅದನ್ನು ನಡೆಸುವವಳು ನಾನೊಬ್ಬಳೇ.

ಪದರ ಪದರವಾಗಿ ಓದುವುದು ಹೇಗೆ ಅಂದರೆ, ಯಂತ್ರದೊಳಗೆ ಓಡಾಡುವ ಒಂದು ಕನ್ನಡಿ ಉಂಟು. ಅದನ್ನು ಬೇಗ ಓಡಿಸಿದರೆ ಲೇಪದ ಮೇಲ್ಚರ್ಮದ ಸದ್ದು ಮಾತ್ರ ಕೇಳುತ್ತದೆ. ನಿಧಾನ ಓಡಿಸಿದಷ್ಟೂ ಆಳದ ಸದ್ದು. ಪ್ಲಾಸ್ಟಿಕ್ ಸುಟ್ಟರೆ, ಹಾಳಾದರೆ, ಗೆರೆಯ ಮೇಲೆ ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ಮೊನೆ ಏಳುತ್ತದೆ. ಆ ಮೊನೆ ಮೇಲ್ಚರ್ಮದಲ್ಲಿ ಮಾತ್ರ ಇದ್ದು ಆಳದಲ್ಲಿ ಇಲ್ಲದಿದ್ದರೆ ಅದು ಬಿಸಿಲಿನ ಕೆಲಸ, ಇವನು ಗೆದ್ದ. ಆಳದಲ್ಲೂ ಅಷ್ಟೇ ಇದ್ದರೆ ಲೇಪ ಹುಟ್ಟುವಾಗಲೇ ಸುಟ್ಟದ್ದು, ಇವನ ಕತೆ ಮುಗಿಯಿತು.

ರಂಜಾನ್ ತಿಂಗಳು. ಮಧ್ಯಾಹ್ನ ಎರಡಕ್ಕೆಲ್ಲ ಕೆಲಸ ಬಂದ್. ಸೀಲು ಮಾಡಿದ ಚೀಲಗಳಲ್ಲಿ ಲೇಪದ ಚೂರುಗಳು ಬಂದವು. ಸೀಲು ಒಡೆಯುವಾಗ ಎರಡೂ ಕಡೆಯ ಒಬ್ಬೊಬ್ಬ ಸಾಕ್ಷಿ ಇರಬೇಕೆಂದು ನಿಯಮ. ಪೈಪಿನವರ ಕಡೆಯಿಂದ ಒಬ್ಬ ಇಂಜಿನಿಯರ್, ಲೇಪದ ಕಂಪನಿಯ ಕಡೆಯಿಂದ, ನೋಡಿ ಅವರ ಕ್ರೂರತನ, ಇವನನ್ನೇ ಕಳಿಸಿದ್ದರು. ಬೆಳಿಗ್ಗೆ ಬಂದು ನಾನು ಮೊದಲು ಖಾಲಿ ಬಟ್ಟಲಿಟ್ಟು ಓಡಿಸಿದೆ. ಗೆರೆ ಶುದ್ಧ, ತೊಳೆದ ತಟ್ಟೆಯ ಹಾಗೆ. ಸೀಲು ಒಡೆದೆವು, ಚೂರು ಕತ್ತರಿಸಿದೆವು. ಅಷ್ಟರಲ್ಲಿ ಬಾಂಗ್ ಆಯಿತು, ಇಂಜಿನಿಯರ್ ನಮಾಜಿಗೆ ಹೋದರು. ಹೀಲಿಯಂ ಮೀಟರಿನ ಮುಳ್ಳು ಕೆಳಗಿಳಿಯುತ್ತಿದ್ದದ್ದು ಕಂಡು ನಾನು ಹಿಂದಿನ ಸ್ಟೋರಿಗೆ ಓಡಿದೆ, ಯಾವುದಾದರೂ ಸಿಲಿಂಡರಿನಲ್ಲಿ ತಳ ಉಳಿದಿದೆಯೋ ನೋಡಲು. ಚೂರುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಯೇ ಹೋಗಿದ್ದೆ. ಯಂತ್ರದ ಮುಂದೆ ಅವನೊಬ್ಬನೇ ಕೂತಿದ್ದ.

ತಿರುಗಿ ಬಂದಾಗ ಅವನು ಕೈಮುಗಿದುಕೊಂಡು ನಿಂತಿದ್ದ. ಪಾಪ, ಕೂಸಿನ ಚಿಂತೆ ಅಂದುಕೊಂಡೆ. ಇವತ್ತು ಖಂಡೇನವಮಿ ಅಲ್ಲೇನ್ರೀ ಅಕ್ಕಾರ, ಊರಾಗ ಆಗಿದ್ರ ಎಲ್ಲಾ ಹತ್ಯಾರ ತೊಳದು ಪೂಜಾ ಮಾಡತಿದ್ವಿ ಅಂದ. ನನಗೆ ಅದು ಮರೆತೇ ಹೋಗಿತ್ತು. ನಮ್ಮಲ್ಲಿ ಆಯುಧಪೂಜೆ ಅನ್ನುವುದು. ಇವನು ಪ್ರತಿ ವರ್ಷ ಕ್ಯಾಂಪಿನಲ್ಲಿ ಲೇಪ ಪರೀಕ್ಷಿಸುವ ತನ್ನ ಸಲಕರಣೆಗಳಿಗೆ ಕುಂಕುಮ ಹಚ್ಚಿ, ಮಾರನೆಯ ದಿನ ಬನ್ನಿ ಎಲೆ ಹಂಚುವವನು. ಇಲ್ಲಿನ ಮರಳಿನಲ್ಲಿ ಗಾಫ್ ಅಂತ ಕರೆಯುವ ಮರ ಇದೆಯಲ್ಲ, ಅದು ನಮ್ಮ ಬನ್ನಿಯೇ ಅಂತ ನನಗೆ ಹೇಳಿಕೊಟ್ಟವನೇ ಇವನು. ಪೈಪ್ ಯಾರ್ಡಿನ ಬೇಲಿಯಾಚೆ ಒಂದು ಮರ ಇತ್ತಂತೆ.

ಇಂಜಿನಿಯರ್ ಬಂದ ಮೇಲೆ ಓಡಿಸಿದೆವು. ಕನ್ನಡಿ ಬೇಗ, ಆ ಮೊನೆ ಎದ್ದಿತು. ಅದು ಏಳುವುದೇ, ಬಿಸಿಲು ತಿಂದ ಮೇಲ್ಚರ್ಮ. ಕನ್ನಡಿ ನಿಧಾನ ಮಾಡಿದೆ, ಮೊನೆ ಇನ್ನೂ ಇತ್ತು. ಇನ್ನೂ ನಿಧಾನ. ಇನ್ನೂ ಇತ್ತು, ಸ್ವಲ್ಪವೂ ಕುಗ್ಗದೆ. ಬೇರೆ ಚೂರು ಹಾಕಿದೆ, ಅದೇ ಕತೆ. ಪೈಪಿನವರ ಇಂಜಿನಿಯರ್ ಪರದೆ ನೋಡಿ ಮೊಬೈಲು ತೆಗೆದು ಹೊರಗೆ ಹೋದರು. ಇವನು ಗೋಡೆಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದ. ಗೆರೆ ಓದಲು ಅವನಿಗೆ ಬರುವುದಿಲ್ಲ, ನನ್ನ ಮುಖ ಓದಲು ಬರುತ್ತಿತ್ತು.

ಸಂಜೆಯೊಳಗೆ ಅವನ ಕಂಪನಿಗೆ ಸುದ್ದಿ ಮುಟ್ಟಿತ್ತು. ಆಫೀಸಿಗೆ ಕರೆದು, ಪರ್ಮಿಟ್ ಮಾಫಿ, ಅಂದರೆ ಇಲ್ಲ, ಎಲ್ಲಾ ಖಲಾಸ್ ಅಂದರಂತೆ. ಅವನು ಫೋನಿನಲ್ಲಿ ಅಳಲಿಲ್ಲ. ಖರೇನ ಏನ್ರೀ ಅಕ್ಕಾರ, ಲೇಪ ನಾ ನೋಡಿದ್ನಲ್ಲ, ಚಲೋ ಇತ್ತಲ್ರೀ ಅಂತ ಎರಡೆರಡು ಸಲ ಕೇಳಿದ. ನಾನಿನ್ನೂ ಸಹಿ ಹಾಕಿಲ್ಲ ಮಾರಾಯಾ ಅಂದೆ. ನಮ್ಮ ಮ್ಯಾನೇಜರ್ ಜೋರ್ಡಾನಿನವರು, ಕೆಟ್ಟವರೇನಲ್ಲ, ಆದರೆ ಕೆಲಸ ಬೇಗ ಮುಗಿಯಬೇಕು ಅನ್ನುವವರು. ಡ್ರಾಫ್ಟ್ ಬರೆದುಬಿಡು ಅಂದರು. ನಾಳೆ ಮತ್ತೊಮ್ಮೆ ಓಡಿಸದೆ ಬರೆಯುವುದಿಲ್ಲ ಅಂದೆ. ಅವರು ಉಪವಾಸದ ಹೊತ್ತಿನಲ್ಲಿ ನನ್ನ ಹತ್ತಿರ ವಾದ ಬೇಡ ಅಂತ ಸುಮ್ಮನಾದರು.

ಮಾರನೆಯ ಬೆಳಿಗ್ಗೆ ಎಂದಿನಂತೆ ಖಾಲಿ ಬಟ್ಟಲಿಟ್ಟು ಓಡಿಸಿದೆ. ಒಳಗೆ ಏನೂ ಇಲ್ಲ. ಏನೂ ಇಲ್ಲದಿದ್ದರೂ ಆ ಮೊನೆ ಅಲ್ಲೇ ನಿಂತಿತ್ತು, ಸಣ್ಣ ತ್ರಿಶೂಲದ ಹಾಗೆ ಚೂಪಾಗಿ. ಲೇಪದಲ್ಲಿ ಅಲ್ಲ, ಮೊನೆ ಇರುವುದು ಡಿಟೆಕ್ಟರಿನ ಗಾಳಿಯಲ್ಲೇ! ಎಂತದೋ ಒಂದು ಆವಿ ಒಳಗೆ ಸೇರಿಕೊಂಡಿದೆ. ಆವಿಯಾದ್ದರಿಂದಲೇ ಕನ್ನಡಿ ಬೇಗ ಓಡಲಿ ನಿಧಾನ ಓಡಲಿ ಅಷ್ಟೇ ಕಾಣುತ್ತದೆ. ಸಂತೋಷದಿಂದ ಕುಣಿಯಬೇಕಿತ್ತು ನಾನು. ಆದರೆ ಮೊದಲು ಬಂದದ್ದು ಸಿಟ್ಟು. ಯಾವ ಸುಡುಗಾಡು ಇದನ್ನು ಇಲ್ಲಿ ತಂದದ್ದು?

ನೆಲ ಒರೆಸುವ ನೇಪಾಳದ ಮುದುಕನನ್ನು ಕರೆದು ಹೊಸ ಫಿನಾಯಿಲ್ ತಂದೆಯಾ ಅಂತ ಕೂಗಾಡಿದೆ. ಮ್ಯಾನೇಜರಿಗೆ, ನಿಮ್ಮ ಬಖೂರ್ ಧೂಪದ ಹೊಗೆ ಲ್ಯಾಬಿನ ತನಕ ಬರುತ್ತದೆ ಅಂತ ಮುಖಕ್ಕೇ ಹೇಳಿದೆ. ನನ್ನ ಮೂಗು ಆ ಕಾಲದಲ್ಲಿ ಎ.ಸಿ. ಶೀತದಿಂದ ಸದಾ ಕಟ್ಟಿಕೊಂಡೇ ಇರುತ್ತಿತ್ತು, ಇಲ್ಲದಿದ್ದರೆ ಮೊದಲ ನಿಮಿಷಕ್ಕೇ ಗೊತ್ತಾಗುತ್ತಿತ್ತು. ಕೊನೆಗೆ ಡಿಟೆಕ್ಟರನ್ನು ಅದರ ಗೂಡಿನಿಂದ ಬಿಚ್ಚಿ ಎತ್ತಿದೆ. ಗೂಡಿನ ಮೂಲೆಯಲ್ಲಿ, ಡಿಟೆಕ್ಟರಿನ ಬುಡಕ್ಕೆ ತಾಗಿಕೊಂಡು, ಬೆರಳಗಲದ ಒಂದು ಕಾಗದದ ಮಡಿಕೆ ಇತ್ತು. ಹಳೆಯ ಕನ್ನಡ ಪೇಪರಿನ ತುಂಡು. ಬಿಚ್ಚಿದರೆ ಚಿಟಿಕೆ ಕುಂಕುಮ, ಎರಡು ಬನ್ನಿ ಎಲೆ, ಅರ್ಧ ಕರಗಿದ ಎರಡು ಕರ್ಪೂರದ ಬಿಲ್ಲೆ.

ಅವನು ಹಚ್ಚಿರಲಿಲ್ಲ. ಗ್ಯಾಸ್ ಇರುವ ಜಾಗ, ಬೆಂಕಿ ಬೇಡ ಅನ್ನುವ ಜ್ಞಾನ ಅವನಿಗಿತ್ತು, ಸೇಫ್ಟಿ ಟ್ರೇನಿಂಗ್ ಆದವನಲ್ಲವಾ. ಹಚ್ಚಿದ್ದರೆ ಅಲಾರಾಂ ಹೊಡೆದುಕೊಂಡು ಅಲ್ಲಿಗೇ ಮುಗಿಯುತ್ತಿತ್ತು. ಹಚ್ಚದೆ ಇಟ್ಟದ್ದರಿಂದ ಅದು ತನ್ನ ಪಾಡಿಗೆ ಆವಿಯಾಗಿ, ನಾನು ಮುಚ್ಚಳ ಎಳೆದಾಗಲೆಲ್ಲ ಒಳಗೆ ನುಗ್ಗಿ, ಆ ರಬ್ಬರ್ ಉಂಗುರದೊಳಗೆ ಕೂತುಬಿಟ್ಟಿತ್ತು. ಕರ್ಪೂರದ ಮೊನೆ ಏಳುವ ಜಾಗವೂ ಸುಟ್ಟ ಪ್ಲಾಸ್ಟಿಕ್ಕಿನ ಮೊನೆಯ ಜಾಗವೂ ಹತ್ತಿರ ಹತ್ತಿರ. ತನ್ನನ್ನು ಉಳಿಸು ಅಂತ ಯಂತ್ರಕ್ಕೆ ಬೇಡಿಕೊಂಡವನ ವಿರುದ್ಧ ಅವನ ಬೇಡಿಕೆಯೇ ಸಾಕ್ಷಿ ಹೇಳಿತ್ತು.

ಫೋನ್ ಕೈಗೆತ್ತಿಕೊಂಡೆ. ಏನೇನು ಬೈಯಬೇಕೆಂದು ಬಾಯಲ್ಲಿ ಸಾಲುಗಟ್ಟಿ ನಿಂತಿತ್ತು, ಕನ್ನಡದ್ದೂ ತುಳುವಿನದ್ದೂ. ನಂಬರ್ ಒತ್ತುವ ಮೊದಲೇ ಅವನದೇ ಫೋನ್ ಬಂತು. ಕೂಸಿಗೆ ಉಸಿರು ಸಾಲುತ್ತಿಲ್ಲ, ದೊಡ್ಡ ಮಿಷನ್ ಹಚ್ಚಿದ್ದಾರೆ ಅಂತ ಅತ್ತೆ ಹೇಳಿದರಂತೆ. ಆಮೇಲೆ, ಆಸ್ಪತ್ರೆಯಲ್ಲಿರುವ ಇನ್ನೊಬ್ಬರ ವಿಷಯ ವಿಚಾರಿಸುವ ಹಾಗೆ ಕೇಳಿದ.

“ಅಕ್ಕಾರ, ನಿಮ್ಮ ಮಿಷನ್ ಆರಾಮ ಐತ್ರೀ?”

ಗಂಟಲಿಗೆ ಬಂದದ್ದೆಲ್ಲ ನುಂಗಿದೆ. ಅದಕ್ಕೂ ಸ್ವಲ್ಪ ಹುಷಾರಿಲ್ಲ, ಸರಿ ಮಾಡುತ್ತಿದ್ದೇನೆ, ಮತ್ತೆ ಓಡಿಸುತ್ತೇನೆ ಅಂದೆ. ಅವನು ದೇವರು ನಿಮ್ಮನ್ನು ಚಲೋ ಇಡಲಿ ಅಂದ. ಆ ಮಡಿಕೆ ನನ್ನ ಎಡಗೈಯಲ್ಲೇ ಇತ್ತು.

ಹೇಳಿದರೆ ಆಗುವುದು ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ತಕರಾರಿನ ಪರೀಕ್ಷೆ ನಡೆಯುವಾಗ ಒಂದು ಕಡೆಯ ಸಾಕ್ಷಿ ಯಂತ್ರದೊಳಗೆ ಕೈ ಹಾಕಿದ ಅಂತಾಗುತ್ತಿತ್ತು. ಭಕ್ತಿ ಅಂತ ಯಾರು ನಂಬುತ್ತಾರೆ? ಎಕ್ಸಿಟ್ ಪರ್ಮಿಟ್ ಬಿಡಿ, ಜೈಲೇ ಗತಿ. ಅತ್ತ ದರಿ, ಇತ್ತ ಪುಲಿ. ಮಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಹ್ಯಾಂಡ್‌ಬ್ಯಾಗಿಗೆ ಹಾಕಿದೆ. ಮ್ಯಾನೇಜರಿಗೆ ಖಾಲಿ ಬಟ್ಟಲಿನ ಗೆರೆ ತೋರಿಸಿ, ಸೀಲಿನ ರಬ್ಬರು ಎಂತದೋ ಆವಿ ಹೀರಿಕೊಂಡು ಕೆಟ್ಟಿದೆ, ನಿನ್ನೆಯ ಓಟ ಯಾವುದೂ ಲೆಕ್ಕಕ್ಕಿಲ್ಲ ಅಂದೆ. ಅದು ಸುಳ್ಳಲ್ಲ. ಅವರು ತಲೆ ಹಿಡಿದುಕೊಂಡು, ಎರಡೂ ಕಡೆಯವರಿಗೆ ಫೋನ್ ಮಾಡಿ, ಈದ್ ರಜೆಯ ಮೊದಲು ಮತ್ತೆ ಪರೀಕ್ಷೆ ಮಾಡಿಕೊಡುತ್ತೇವೆ ಅಂದರು. ಅದರೊಳಗೆ ರಿಪೋರ್ಟು ಹೋಗದಿದ್ದರೆ ಆಫೀಸುಗಳೆಲ್ಲ ಬಾಗಿಲು ಮುಚ್ಚಿ, ಸಹಿ ಹಾಕುವವರು ಯಾರೂ ಸಿಗುವುದಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ನರಕ. ಉಂಗುರವನ್ನು ಬಿಚ್ಚಿ ಸಣ್ಣ ಉರಿಯ ಓವನ್ನಿನಲ್ಲಿ ಇಟ್ಟೆ. ಹೆಚ್ಚು ಕಾಯಿಸಿದರೆ ರಬ್ಬರು ಬಿರಿಯುತ್ತದೆ, ಕಡಿಮೆಯಾದರೆ ಕರ್ಪೂರ ಬಿಡುವುದಿಲ್ಲ. ಹೊಸ ಉಂಗುರ ಇರಲಿಲ್ಲ, ಆರ್ಡರ್ ಹಾಕಿದರೆ ಈದ್ ಕಳೆದೇ ಬರುವುದು. ತೇವದ ಉಪ್ಪನ್ನು ಪೂರಾ ಚೆಲ್ಲಿ ಹೊಸದು ತುಂಬಿದೆ. ಬಟ್ಟಲು, ಮುಚ್ಚಳ, ಗೂಡು, ಎಲ್ಲವನ್ನೂ ಒರೆಸಿ ಒರೆಸಿ ಬೆರಳ ಚರ್ಮ ಸುಲಿಯಿತು. ಹೀಲಿಯಂ ಉಳಿಸಲು ನೈಟ್ರೋಜನ್ ಹಾಯಿಸಿ ತೊಳೆದೆ. ದಿನಾ ಬೆಳಿಗ್ಗೆ ಖಾಲಿ ಓಟ, ದಿನಾ ಆ ಮೊನೆ. ನಿನ್ನೆಗಿಂತ ಒಂದು ಕೂದಲು ಕಮ್ಮಿ, ಅಷ್ಟೇ. ಬೈದರೆ ಕೇಳುವ ಜಾತಿಯಲ್ಲ ಅದು. ನಾನು ಬೈಯುವುದನ್ನೂ ಬಿಟ್ಟೆ. ಪರದೆಯ ಮುಂದೆ ಕೂತು, ಹೋಗು ಮಾರಾಯ್ತಿ, ದಮ್ಮಯ್ಯ ಹೋಗು ಅಂತ ಬೇಡಿಕೊಂಡೆ.

ಅವನು ದಿನಾ ಫೋನ್ ಮಾಡುತ್ತಿದ್ದ. ನಾನು ಕೂಸು ಹೇಗಿದೆ ಅಂತ ಕೇಳುವುದು, ಅವನು ಮಿಷನ್ ಹೇಗಿದೆ ಅಂತ ಕೇಳುವುದು. ಇವತ್ತು ತುಸು ಆರಾಮ ಐತ್ರೀ ಅನ್ನುವನು. ಇಲ್ಲಿಯೂ ತುಸು ಆರಾಮ ಅನ್ನುವೆ. ಎರಡು ಪೆಟ್ಟಿಗೆ, ಎರಡಕ್ಕೂ ನಳಿಗೆ, ಎರಡಕ್ಕೂ ಸದ್ದಾಗಬಾರದು. ಫೋನ್ ಇಟ್ಟ ಮೇಲೆ ನಾನು ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ. ಮನೆಯಲ್ಲಿ ಗಂಡ ಏನಾಯಿತು ಅಂತ ಕೇಳಿದರೆ, ಅವರ ಮೇಲೆ ಹರಿಹಾಯುತ್ತಿದ್ದೆ. ಅವರಿಗೂ ಮಡಿಕೆಯ ವಿಷಯ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಮೊನೆ ಕಾಣಲಿಲ್ಲ. ಕಣ್ಣುಜ್ಜಿಕೊಂಡು ನೋಡಿದೆ, ಗೆರೆ ಚೊಕ್ಕಟ. ಅದೇ ಬೆಳಿಗ್ಗೆ ಹೀಲಿಯಂ ಮುಳ್ಳು ಸೊನ್ನೆಗೆ ಬಂದಿತ್ತು. ಸಪ್ಲೈಯರಿಗೆ ಫೋನ್ ಮಾಡಿದರೆ ಈದ್ ಆದ ಮೇಲೆ ಅಂದ. ನಾನು ಫೋನಿನಲ್ಲೇ ಅತ್ತುಬಿಟ್ಟೆ. ಹೀಲಿಯಂ ಇಲ್ಲದೆ ಬರೀ ನೈಟ್ರೋಜನ್‌ನಲ್ಲಿ ಓಡಿಸಿದರೆ ಸದ್ದು ಎಷ್ಟು ಸಣ್ಣ ಅಂದರೆ, ಆಳದ ಓಟದಲ್ಲಿ ಏನನ್ನೂ ಖಂಡಿತವಾಗಿ ಹೇಳುವಂತಿಲ್ಲ.

ಉಪಾಯ ಹೊಳೆದದ್ದು ಆ ದಪ್ಪ ಪುಸ್ತಕದಿಂದಲ್ಲ, ವೇದಾಂತದಿಂದಲೂ ಅಲ್ಲ. ಲ್ಯಾಬಿನ ರಿಸೆಪ್ಶನ್ನಿನಲ್ಲಿ ತೂಗುತ್ತಿದ್ದ ಬಲೂನಿನಿಂದ. ರಂಜಾನ್ ನಡುವೆ ಇಲ್ಲಿ ಗರಂಗಾವ್ ಅಂತ ಮಕ್ಕಳ ಹಬ್ಬ ಬರುತ್ತದೆ, ಮಕ್ಕಳು ಚೀಲ ಹಿಡಿದು ಮನೆಮನೆಗೆ ಹೋಗಿ ಕಡಲೆ ಮಿಠಾಯಿ ಬೇಡುತ್ತವೆ. ಹಬ್ಬ ಮುಗಿದಿತ್ತು, ಯಾರೋ ಕಟ್ಟಿದ ಬಲೂನು ಮಾತ್ರ ಇನ್ನೂ ಸೀಲಿಂಗಿಗೆ ತಲೆ ತಾಗಿಸಿಕೊಂಡು ನಿಂತಿತ್ತು. ಅದರೊಳಗಿರುವುದು ಏನು? ಹೀಲಿಯಂ! ಗಂಡನ ಕಾರು ಹತ್ತಿ ಅಲ್ ಅಜೀಜಿಯಾದ ಬಲೂನ್ ಅಂಗಡಿಗೆ ಹೋದೆವು. ಮಲಯಾಳಿ ಅಂಗಡಿಯವ, ಸಿಲಿಂಡರ್ ಕೊಡುವುದಕ್ಕೆ ಬರುವುದಿಲ್ಲ, ಬೇಕಾದರೆ ನೂರು ಬಲೂನು ಊದಿ ಕೊಡುತ್ತೇನೆ ಅಂದ. ನನಗೆ ಬರುವ ಮಲಯಾಳದಲ್ಲಿ, ಒಂದು ಕೂಸು ಸಾಯುತ್ತಿದೆ ಚೇಟ್ಟಾ ಅಂದೆ. ಅದೊಂದೇ ವಾಕ್ಯ. ಅವನು ನನ್ನ ಮುಖ ನೋಡಿ, ಸಿಲಿಂಡರನ್ನು ಡಿಕ್ಕಿಗೆ ಏರಿಸಿಕೊಟ್ಟ. ಆಸ್ಪತ್ರೆಗೆ ಅಂದುಕೊಂಡಿರಬೇಕು.

ಬಲೂನಿನ ಹೀಲಿಯಂ ಅಷ್ಟು ಶುದ್ಧವಲ್ಲ. ತೇವ ತೆಗೆಯಲು ಉಪ್ಪು ತುಂಬಿದ ಉದ್ದ ನಳಿಗೆಯೊಳಗಿಂದ ಹಾಯಿಸಿ, ಖಾಲಿ ಓಟ ಓಡಿಸಿ, ಮತ್ತೆ ಓಡಿಸಿ, ಮ್ಯಾನೇಜರಿಗೂ ತೋರಿಸಿ ಒಪ್ಪಿಸಿದೆ. ಈ ಸಲ ಸಾಕ್ಷಿಗಳಿಬ್ಬರನ್ನೂ ಗಾಜಿನ ಬಾಗಿಲ ಆಚೆ ನಿಲ್ಲಿಸಿದೆ. ಇವನು ಗಾಜಿಗೆ ಹಣೆ ಒತ್ತಿ ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿ ಎರಡು ಅಳತೆ ದೊಡ್ಡದಾದಂತೆ ಕಾಣುತ್ತಿತ್ತು.

ಕನ್ನಡಿ ಬೇಗ: ಮೊನೆ. ಕನ್ನಡಿ ನಿಧಾನ: ಮೊನೆ ಅರ್ಧಕ್ಕೂ ಕೆಳಗೆ. ಇನ್ನೂ ನಿಧಾನ: ಇದೆಯೋ ಇಲ್ಲವೋ. ಬೇರೆ ಬೇರೆ ಚೂರು ಹಾಕಿದೆ, ಎಲ್ಲದರಲ್ಲೂ ಹಾಗೆಯೇ. ಮೇಲ್ಚರ್ಮ ಮಾತ್ರ ಹಾಳು, ಒಳಗೆಲ್ಲ ಆರೋಗ್ಯ. ಬಿಸಿಲಿನದೇ ಕೆಲಸ. ಅವನು ಪಾಸ್ ಮಾಡಿದ್ದು ಸರಿಯೇ ಇತ್ತು. ನಾನು ತಿರುಗಿ ಗಾಜಿನಾಚೆ ನೋಡಿದೆ. ನಗಲಿಲ್ಲ, ತಲೆಯಾಡಿಸಲಿಲ್ಲ, ಸಾಕ್ಷಿಯ ಮುಂದೆ ಹಾಗೆಲ್ಲ ಮಾಡುವಂತಿಲ್ಲ. ಅವನು ನನ್ನ ಮುಖ ಓದಿದ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ರಿಪೋರ್ಟು ಅದೇ ದಿನ ಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ, ಸಹಿ ಹಾಕುವವರನ್ನು ಹುಡುಕಿಕೊಂಡು ಅವನು ವೆಸ್ಟ್ ಬೇಯ ಆಫೀಸಿನ ಮೆಟ್ಟಿಲಲ್ಲಿ ಕಾದು ಕೂತು, ಈದ್ ರಜೆ ಶುರುವಾಗುವ ಹೊತ್ತಿಗೆ ಪರ್ಮಿಟ್ ಹಿಡಿದು ನೇರ ಏರ್‌ಪೋರ್ಟಿಗೆ ಓಡಿದ. ಅಲ್ಲಿಂದ ಒಂದು ಫೋನ್ ಬಂತು, ಹೊಂಟೆ ಅಕ್ಕಾರ ಅಂದ. ಅಷ್ಟೇ. ಅದರ ಮೇಲೆ ಸುದ್ದಿಯಿಲ್ಲ. ನಾನೂ ಮಾಡಲಿಲ್ಲ, ಧೈರ್ಯ ಸಾಲಲಿಲ್ಲ.

ಗೇಮ್ಸಿನ ಬಾವುಟಗಳು ರಸ್ತೆಯಲ್ಲಿ ಏಳುವ ಹೊತ್ತಿಗೆ ಒಂದು ಶುಕ್ರವಾರ ಮಧ್ಯಾಹ್ನ ಅವನು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ. ಕೂರಿಸಿದೆ, ನೀರು ಕೊಟ್ಟೆ. ಕೇಳುವ ಅಗತ್ಯ ಇರಲಿಲ್ಲ, ಮುಖದಲ್ಲೇ ಇತ್ತು. ಅವನೇ ನಿಧಾನವಾಗಿ ಹೇಳಿದ. ಮುಟ್ಟಿದ್ದು ಸಂಜೆಯಂತೆ. ನರ್ಸು ಗಾಜಿನ ಪೆಟ್ಟಿಗೆಯ ತೂತಿನಿಂದ ಕೈ ಹಾಕಲು ಬಿಟ್ಟಳಂತೆ. ಕೂಸು ಅವನ ಕಿರುಬೆರಳು ಹಿಡಿದುಕೊಂಡಿತು, ಬೆಳಗಾಗುವ ತನಕ ಬಿಡಲಿಲ್ಲ. ಆಮೇಲೆ ಬಿಟ್ಟಿತು.

ನನ್ನ ಗಂಡ ಎದ್ದು ಕಿಟಕಿಯ ಹತ್ತಿರ ಹೋದರು. ಅವನು ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟ. ಹೊಸ ಕರ್ಪೂರದ ಡಬ್ಬಿ.

“ಒಂದ್ ರಾತ್ರಿ ಸಿಕ್ತ್ರೀ ಅಕ್ಕಾರ. ಅದೂ ಸಿಗತಿದ್ದಿಲ್ಲ. ನಿಮಗ ಹೇಳಿದ್ದಿಲ್ಲ ನಾ, ಖಂಡೇನವಮಿ ದಿನ ನಿಮ್ಮ ಮಿಷನ್ ಬುಡಕ ಕರ್ಪೂರ ಇಟ್ಟಿದ್ದೆ. ಅದಕ್ಕ ಅದು ಖರೇ ಹೇಳ್ತು. ವರ್ಷಾ ಆ ದಿನ ನನ್ನ ಕೂಸಿನ ಹೆಸರಿಲೆ ಒಂದ್ ಇಡ್ರೀ.”

ನಾನು ಕೂಸು ಒಟ್ಟು ಎಷ್ಟು ದಿನ ಇತ್ತು ಅಂತ ಕೇಳಲಿಲ್ಲ. ಕೇಳಿದ್ದರೆ ಆ ಕರ್ಪೂರ ಉಂಗುರ ಬಿಟ್ಟು ಹೋಗಲೆಂದು ನಾವು ಕಾದ ದಿನಗಳನ್ನೆಲ್ಲ ಅವನ ಒಂದು ರಾತ್ರಿಯ ಪಕ್ಕದಲ್ಲಿ ಇಡಬೇಕಾಗುತ್ತಿತ್ತು. ಅವನು ನನ್ನ ಮುಖ ಓದಬಲ್ಲವನು ಅಂತ ನೆನಪಾಗಿ, ತಲೆ ತಗ್ಗಿಸಿ ಡಬ್ಬಿ ಎತ್ತಿಕೊಂಡೆ.

ಇಡ್ತೇನೆ ಅಂದೆ. ಒಳಗೆ ಹೋಗಿ, ಅಡುಗೆಮನೆಯ ನಲ್ಲಿಯನ್ನು ಜೋರಾಗಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತೆ.